ಸ್ಯಾಟರ್‌ಡೇ ನೈಟ್ ಲೈವ್: ಒಂದು ಸಂಚಿಕೆ ತಯಾರಾಗುವ ಬಗೆ (ಪದೇ ಪದೇ ಕೇಳುವ ಪ್ರಶ್ನೆಗಳು)

ನ್ಯೂಯಾರ್ಕಿನ ಈ ಹಾಸ್ಯ ಕಾರ್ಯಕ್ರಮದ ತುಣುಕುಗಳನ್ನು ಮೊಬೈಲಿನಲ್ಲಿ ನೋಡಿದವರು, ಅಮೆರಿಕದಲ್ಲಿದ್ದು ಪೂರ್ತಿ ನೋಡುವವರು, ಹವ್ಯಾಸಿ ನಾಟಕ ತಂಡದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಶುರುವಿನಲ್ಲಿ ಸುಲಭದವು, ಹೋಗ್ತಾ ಹೋಗ್ತಾ ಕಸುಬಿನ ಒಳಗಿನವು. ಬೇಕಾದ್ದನ್ನಷ್ಟೇ ಓದಿದರೂ ಅರ್ಥವಾಗುತ್ತದೆ.

### ಹೊಸದಾಗಿ ನೋಡುವವರಿಗೆ

ಇದೂ ನಮ್ಮ ಟಿವಿ ಕಾಮಿಡಿ ಶೋಗಳ ಥರಾನೇ ಅಲ್ವಾ? ಅಷ್ಟೊಂದು ವಿಶೇಷ ಏನು?

ಸ್ಕಿಟ್ಟು, ವೇಷ, ನಗು ಎಲ್ಲ ಒಂದೇ. ಆದರೆ 'ಮಜಾ ಟಾಕೀಸ್', 'ಕಾಮಿಡಿ ಕಿಲಾಡಿಗಳು' ಥರದವನ್ನು ಮೊದಲೇ ಚಿತ್ರೀಕರಿಸಿ, ಎಡಿಟ್ ಮಾಡಿ, ಆಮೇಲೆ ಪ್ರಸಾರ ಮಾಡುತ್ತಾರೆ. ತಪ್ಪಿದ್ದನ್ನು ಇನ್ನೊಂದು ಟೇಕ್ ತೆಗೆದುಕೊಳ್ಳಬಹುದು, ಎಳೆದಂತಾದರೆ ಕತ್ತರಿಸಬಹುದು. ಸ್ಯಾಟರ್‌ಡೇ ನೈಟ್ ಲೈವ್‌ಗೆ ಆ ಅನುಕೂಲ ಇಲ್ಲ. ಶನಿವಾರ ರಾತ್ರಿ 11:30ಕ್ಕೆ ರಾಕ್‌ಫೆಲ್ಲರ್ ಸೆಂಟರಿನ 8ಎಚ್ ಸ್ಟುಡಿಯೋದಲ್ಲಿ ಆಡಿದ ಮಾತು ಆಗಲೇ ಮನೆಮನೆಗೆ ಹೋಗುತ್ತದೆ. ಜಾಹೀರಾತೂ ಸೇರಿ 90 ನಿಮಿಷ. ಪ್ರತಿ ವಾರ ಹೊಸ ಹೋಸ್ಟ್ (ಕಾರ್ಯಕ್ರಮ ನಡೆಸಿಕೊಡುವ ಅತಿಥಿ), ಹೊಸ ಸಂಗೀತ ತಂಡ, ಮತ್ತು ಬಹುಪಾಲು ಅದೇ ವಾರ ಹುಟ್ಟಿದ ಬರವಣಿಗೆ. ಶರತ್ಕಾಲದಿಂದ ಮೇ ತಿಂಗಳವರೆಗೆ, ನಡುನಡುವೆ ಬಿಡುವು ಕೊಟ್ಟು, ವರ್ಷಕ್ಕೆ ಇಪ್ಪತ್ತರ ಆಸುಪಾಸು ಸಂಚಿಕೆಗಳು ಬರುತ್ತವೆ.

ಮೊಟ್ಟಮೊದಲ ಸಂಚಿಕೆ ಹೇಗಿತ್ತು? ಈಗಿನ ಹಾಗೇ ಇತ್ತಾ?

ಇಲ್ಲ. 1975ರ ಅಕ್ಟೋಬರ್ 11ರ ಆ ರಾತ್ರಿಯ ಕಾರ್ಯಕ್ರಮ ಸಂತೆಯಂತಿತ್ತು. ಹೋಸ್ಟ್ ಜಾರ್ಜ್ ಕಾರ್ಲಿನ್ ಒಂದು ಸ್ಕಿಟ್ಟಿನಲ್ಲೂ ಪಾತ್ರ ಮಾಡಲಿಲ್ಲ. ಆಗಾಗ ಬಂದು ಒಂಟಿಯಾಗಿ ನಿಂತು ತಮ್ಮ ಹಾಸ್ಯ ಹೇಳಿ ಹೋದರು. ಹಾಡಲು ಬಿಲ್ಲಿ ಪ್ರೆಸ್ಟನ್ ಮತ್ತು ಜ್ಯಾನಿಸ್ ಇಯಾನ್ ಇಬ್ಬರಿದ್ದರು. ಜಿಮ್ ಹೆನ್ಸನ್ನರ ಗೊಂಬೆಗಳಿದ್ದವು. ಆಲ್ಬರ್ಟ್ ಬ್ರೂಕ್ಸ್ ಮಾಡಿದ ಕಿರುಚಿತ್ರವಿತ್ತು. ಆ್ಯಂಡಿ ಕೌಫ್‌ಮನ್ ಒಂದು ಗ್ರಾಮೊಫೋನ್ ಪಕ್ಕ ಸುಮ್ಮನೆ ನಿಂತಿದ್ದು, ಹಾಡಿನ ಒಂದೇ ಒಂದು ಸಾಲು ಬಂದಾಗ ಮಾತ್ರ ಕೈಯೆತ್ತಿ ತುಟಿ ಆಡಿಸುವ ಪ್ರಯೋಗ ಮಾಡಿದ್ದೂ ಅವತ್ತೇ.

ಆ ಸಂಚಿಕೆಯ ಮೊದಲ ದೃಶ್ಯವನ್ನು ಮಾತ್ರ ಹುಡುಕಿ ನೋಡಲೇಬೇಕು. ಮೈಕಲ್ ಓಡಾನಹ್ಯೂ ಇಂಗ್ಲಿಷ್ ಮೇಷ್ಟ್ರು, ಜಾನ್ ಬೆಲೂಶಿ ವಲಸೆ ಬಂದ ವಿದ್ಯಾರ್ಥಿ. ಮೇಷ್ಟ್ರು ಹೇಳಿದ ಅಸಂಬದ್ಧ ವಾಕ್ಯಗಳನ್ನೆಲ್ಲ ವಿದ್ಯಾರ್ಥಿ ಚಾಚೂ ತಪ್ಪದೆ ಒಪ್ಪಿಸುತ್ತಾನೆ. ಮೇಷ್ಟ್ರಿಗೆ ಹೃದಯಾಘಾತವಾಗಿ ಕೆಳಗೆ ಬೀಳುತ್ತಾರೆ. ಅದೂ ಪಾಠವೇ ಇರಬೇಕೆಂದು ಶಿಷ್ಯನೂ ಎದೆ ಹಿಡಿದುಕೊಂಡು ಬೀಳುತ್ತಾನೆ. ಆಗ ಹೆಡ್‌ಸೆಟ್ ಹಾಕಿಕೊಂಡ ಚೆವಿ ಚೇಸ್ ಒಳಬಂದು, ಇಬ್ಬರನ್ನೂ ನೋಡಿ, ಕ್ಯಾಮೆರಾ ಕಡೆ ತಿರುಗಿ "ಲೈವ್ ಫ್ರಮ್ ನ್ಯೂಯಾರ್ಕ್, ಇಟ್ಸ್ ಸ್ಯಾಟರ್‌ಡೇ ನೈಟ್!" ಎನ್ನುತ್ತಾರೆ. ಆರಂಭದ ದೃಶ್ಯವನ್ನು ಇದೇ ಘೋಷಣೆಯಿಂದ ಮುಗಿಸುವ ರೂಢಿ ಇಂದಿಗೂ ಇದೆ. ಇದನ್ನು ಪ್ರಸಾರ ಮಾಡುವ ವಾಹಿನಿ ಎನ್‌ಬಿಸಿ. ಆಗ ಕಾರ್ಯಕ್ರಮದ ಹೆಸರು 'ಎನ್‌ಬಿಸೀಸ್ ಸ್ಯಾಟರ್‌ಡೇ ನೈಟ್'. ಈಗಿನ ಹೆಸರನ್ನು ಪ್ರತಿಸ್ಪರ್ಧಿ ವಾಹಿನಿ ಎಬಿಸಿ ಬೇರೊಂದು ಕಾರ್ಯಕ್ರಮಕ್ಕೆ ಬಳಸುತ್ತಿತ್ತು. ಅದು ನಿಂತು, 1977ರಲ್ಲಿ ಹೆಸರು ಇವರ ಪಾಲಿಗೆ ಬಂತು.

ಇಂಡಿಯಾದಲ್ಲಿ ಆಗ ಎಷ್ಟು ಗಂಟೆ ಆಗಿರುತ್ತೆ?

ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿರುತ್ತಾರೆ. ಆಗ ನಮಗೆ ಭಾನುವಾರ ಬೆಳಿಗ್ಗೆ 9:00. ಉಳಿದ ತಿಂಗಳುಗಳಲ್ಲಿ 10:00. ಕ್ಯಾಲಿಫೋರ್ನಿಯಾದಲ್ಲಿರುವವರಿಗೆ ವರ್ಷವಿಡೀ ಶನಿವಾರ ರಾತ್ರಿ 8:30. ಮೊದಲು ಪಶ್ಚಿಮ ಕರಾವಳಿಯವರು ಮೂರು ಗಂಟೆ ತಡವಾಗಿ, ರೆಕಾರ್ಡಿಂಗ್ ನೋಡುತ್ತಿದ್ದರು. 2017ರ ಏಪ್ರಿಲ್‌ನಿಂದ ಇಡೀ ದೇಶಕ್ಕೆ ಒಟ್ಟಿಗೆ ನೇರಪ್ರಸಾರ ಶುರುವಾಯಿತು. ಪ್ರಸಾರವಾದ ಕೆಲವೇ ಗಂಟೆಗಳಲ್ಲಿ ಬಹುತೇಕ ಸ್ಕಿಟ್ಟುಗಳು ಅಧಿಕೃತ ಯೂಟ್ಯೂಬ್ ಚಾನೆಲ್‌ಗೆ ಬಿಡಿಬಿಡಿಯಾಗಿ ಬರುತ್ತವೆ.

ಸಂಚಿಕೆಗೊಂದು ಕ್ರಮ ಇದೆಯಾ, ಅಥವಾ ಬಂದ ಹಾಗೆ ಆಡ್ತಾರಾ?

ಕ್ರಮ ಗಟ್ಟಿಯಾಗಿದೆ. ಮೊದಲು ಆರಂಭದ ಸ್ಕಿಟ್, ಹೆಚ್ಚಾಗಿ ಆ ವಾರದ ರಾಜಕೀಯದ ಮೇಲೆ. ನಂತರ ಶೀರ್ಷಿಕೆ, ಹೋಸ್ಟ್ ಅವರ ಸ್ವಗತ, ಎರಡು ಮೂರು ಸ್ಕಿಟ್ಟು, ಸುಳ್ಳು ಜಾಹೀರಾತು ಅಥವಾ ಕಿರುಚಿತ್ರ. ಮಧ್ಯರಾತ್ರಿಯ ಸುಮಾರಿಗೆ ಮೊದಲ ಹಾಡು, ಅದಾದ ಮೇಲೆ ಅಣಕು ವಾರ್ತೆ 'ವೀಕೆಂಡ್ ಅಪ್‌ಡೇಟ್'. ಮತ್ತೆ ಸ್ಕಿಟ್ಟು, ಎರಡನೇ ಹಾಡು, ಒಂದು ವಿಚಿತ್ರವಾದ ಕೊನೆಯ ಸ್ಕಿಟ್ಟು. ಒಂದು ಗಂಟೆಗೆ ಎಲ್ಲರೂ ವೇದಿಕೆಗೆ ಬಂದು ಅಪ್ಪಿಕೊಂಡು ವಿದಾಯ ಹೇಳುತ್ತಾರೆ.

ಭಾರತೀಯ ಮೂಲದವರು ಯಾರಾದರೂ ಹೋಸ್ಟ್ ಆಗಿದ್ದಾರಾ?

ಆಗಿದ್ದಾರೆ. ತಮಿಳು ಕುಟುಂಬದ ಅಜೀಜ್ ಅನ್ಸಾರಿ 2017ರ ಜನವರಿ 21ರಂದು ಹೋಸ್ಟ್ ಆದರು. ಹಿಂದಿನ ದಿನವಷ್ಟೇ ಡೊನಾಲ್ಡ್ ಟ್ರಂಪ್ ಮೊದಲ ಬಾರಿ ಅಧ್ಯಕ್ಷರಾಗಿ ಪ್ರಮಾಣವಚನ ತೆಗೆದುಕೊಂಡಿದ್ದರು. ಅನ್ಸಾರಿ ಅವರ ಸ್ವಗತ ಪೂರ್ತಿ ಅದರ ಸುತ್ತಲೇ ಇತ್ತು.

ನ್ಯೂಯಾರ್ಕಿಗೆ ಹೋದಾಗ ಸ್ಟುಡಿಯೋದಲ್ಲಿ ಕೂತು ನೋಡಬಹುದಾ?

ಟಿಕೆಟ್ಟಿಗೆ ದುಡ್ಡಿಲ್ಲ, ಸಿಗುವುದು ಮಾತ್ರ ಕಷ್ಟ. ಎರಡು ದಾರಿಗಳಿವೆ. ಆಗಸ್ಟ್ ತಿಂಗಳಲ್ಲಿ ಮಾತ್ರ ಇಮೇಲ್ ಮೂಲಕ ಅರ್ಜಿ ಹಾಕುವ ಲಾಟರಿ ಒಂದು. ದಿನಾಂಕ ಅವರೇ ಕೊಡುತ್ತಾರೆ, ನಾವು ಆರಿಸುವಂತಿಲ್ಲ. ಇನ್ನೊಂದು, ಜಾಗ ಉಳಿದರೆ ಒಳಗೆ ಬಿಡುವ ಆಯಾ ವಾರದ ಸ್ಟ್ಯಾಂಡ್‌ಬೈ ಸಾಲು. ಅದರಲ್ಲಿ ಡ್ರೆಸ್ ರಿಹರ್ಸಲ್ (ಪ್ರಸಾರಕ್ಕೆ ಮೊದಲು ವೇಷ ಸಮೇತ ಆಡುವ ಪೂರ್ತಿ ತಾಲೀಮು) ಬೇಕೋ ನೇರಪ್ರಸಾರ ಬೇಕೋ ಎಂದು ಮೊದಲೇ ಆರಿಸಬೇಕು. ಗಂಟೆಗಟ್ಟಲೆ ಚಳಿಯಲ್ಲಿ ನಿಂತರೂ ಒಳಗೆ ಬಿಡುತ್ತಾರೆಂಬ ಖಾತ್ರಿ ಇಲ್ಲ. 16 ವರ್ಷ ತುಂಬಿರಬೇಕು. ಸಾಲಿನ ನಿಯಮಗಳು ಬದಲಾಗುತ್ತಿರುತ್ತವೆ, ಹೋಗುವ ವಾರವೇ ಎನ್‌ಬಿಸಿ ಪುಟ ನೋಡಿಕೊಳ್ಳಿ. ನಮ್ಮನ್ನು ಕೇಳಿದರೆ ಡ್ರೆಸ್ ರಿಹರ್ಸಲ್ಲನ್ನೇ ಆರಿಸಿ: ಪ್ರಸಾರದಲ್ಲಿ ಬಿಟ್ಟುಹೋಗುವ ಸ್ಕಿಟ್ಟುಗಳೂ ನೋಡಲು ಸಿಗುತ್ತವೆ.

### ಸೋಮವಾರದಿಂದ ಶನಿವಾರದವರೆಗೆ

ನಿಜವಾಗ್ಲೂ ಒಂದೇ ವಾರದಲ್ಲಿ ಎಲ್ಲ ಬರೀತಾರಾ? ದಿನದಿನದ ಲೆಕ್ಕ ಹೇಳ್ತೀರಾ?

ಸೋಮವಾರ ಸಂಜೆ ನಿರ್ಮಾಪಕ ಲಾರ್ನ್ ಮೈಕಲ್ಸ್ ಕೋಣೆಯಲ್ಲಿ ಬರಹಗಾರರು, ನಟರು ಒತ್ತೊತ್ತಾಗಿ ಕೂತು ಹೋಸ್ಟ್ ಎದುರು ಒಂದೆರಡು ಐಡಿಯಾ ಹೇಳುತ್ತಾರೆ. ಇದು ಹೆಚ್ಚಾಗಿ ಪರಿಚಯದ ಶಾಸ್ತ್ರ. ಅಲ್ಲಿ ಹೇಳಿದ್ದನ್ನೇ ಬರೆಯಬೇಕೆಂದಿಲ್ಲ. ಮಂಗಳವಾರ ಬರೆಯುವ ದಿನ, ಅದು ಬುಧವಾರ ಬೆಳಗಾಗುವವರೆಗೂ ಎಳೆಯುತ್ತದೆ. ಬುಧವಾರ ಮಧ್ಯಾಹ್ನದ ಮೇಲೆ ಎಲ್ಲರೂ ಸುತ್ತ ಕೂತು ಸುಮಾರು 40 ಸ್ಕಿಟ್ಟುಗಳನ್ನು ಗಟ್ಟಿಯಾಗಿ ಓದುತ್ತಾರೆ. ಅದೇ ಸಂಜೆ ಆಯ್ಕೆ. ಗುರುವಾರ ಸಂಗೀತ ತಂಡದ ಧ್ವನಿ ಹೊಂದಾಣಿಕೆ, ತಿದ್ದುಪಡಿ. ಶುಕ್ರವಾರ ಯಾರು ಎಲ್ಲಿ ನಿಲ್ಲಬೇಕು, ಯಾವ ಕ್ಯಾಮೆರಾ ಎಲ್ಲಿಂದ ಹಿಡಿಯಬೇಕು ಎಂಬ ತಾಲೀಮು. ಜತೆಗೆ ಹೊರಗೆ ಕಿರುಚಿತ್ರದ ಶೂಟಿಂಗ್. ಶನಿವಾರ ಮಧ್ಯಾಹ್ನ ಒಂದು ಓಟ, ರಾತ್ರಿ 8ಕ್ಕೆ ಪ್ರೇಕ್ಷಕರ ಎದುರು ಡ್ರೆಸ್ ರಿಹರ್ಸಲ್, 11:30ಕ್ಕೆ ಪ್ರಸಾರ.

ಓದಿದ 40ರಲ್ಲಿ ಹತ್ತು ಹನ್ನೆರಡನ್ನು ಆರಿಸೋದು ಹೇಗೆ? ಜಾಸ್ತಿ ನಗು ಬಂದಿದ್ದೇ ಗೆಲ್ಲುತ್ತಾ?

ನಗು ಒಂದು ಲೆಕ್ಕ ಅಷ್ಟೆ. ಹೋಸ್ಟ್‌ಗೆ ಒಗ್ಗುತ್ತದೆಯೇ, ಒಬ್ಬನೇ ನಟ ನಾಲ್ಕು ಕಡೆ ಬರುವಂತಾಗಿದೆಯೇ, ಮೂರು ಸ್ಕಿಟ್ಟೂ ಸೋಫಾ ಮೇಲೆ ಕೂತ ಗಂಡ-ಹೆಂಡಿರದ್ದೇ ಆಯಿತೇ, ಮೂರು ದಿನದಲ್ಲಿ ಆ ಸೆಟ್ ಕಟ್ಟಲು ಆಗುತ್ತದೆಯೇ, ಇವೆಲ್ಲ ತೂಗುತ್ತವೆ. ಇನ್ನೊಂದು ಸೂಕ್ಷ್ಮವಿದೆ. ಓದುವ ಕೋಣೆಯಲ್ಲಿ ಕೂತವರೆಲ್ಲ ಇದೇ ಕಸುಬಿನವರು. ಪದಗಳ ಚಮತ್ಕಾರಕ್ಕೆ ಅವರು ಜೋರಾಗಿ ನಗುತ್ತಾರೆ. ವೇಷ, ಓಡಾಟ, ಬೀಳುವುದು ಏಳುವುದರ ಮೇಲೆ ನಿಂತ ಸ್ಕಿಟ್ಟು ಕಾಗದದಲ್ಲಿ ಸಪ್ಪೆ ಅನ್ನಿಸುತ್ತದೆ. ಅದಕ್ಕೇ ಬುಧವಾರ ಗೆದ್ದದ್ದು ಶನಿವಾರ ಸೋಲುವುದು, ಹೇಗೋ ತೂರಿಕೊಂಡದ್ದು ಶನಿವಾರ ಹೊತ್ತಿಕೊಳ್ಳುವುದು ಎರಡೂ ಮಾಮೂಲು.

ಬುಧವಾರ ರಾತ್ರಿ ಆರಿಸಿ ಶನಿವಾರಕ್ಕೆ ಸೆಟ್ಟು, ವಿಗ್ಗು, ಬಟ್ಟೆ ಎಲ್ಲ ಹೇಗೆ ತಯಾರಾಗುತ್ತೆ?

ಆಯ್ಕೆ ಮುಗಿದ ಗಳಿಗೆಯಲ್ಲೇ ಬರಹಗಾರರು ವಿನ್ಯಾಸಕರ ಮುಂದೆ ಕೂರುತ್ತಾರೆ. ಬರೆದವರೇ ತಮ್ಮ ಸ್ಕಿಟ್ಟಿನ ನಿರ್ಮಾಪಕರಂತೆ. ಬಾಗಿಲು ಎಡಕ್ಕೋ ಬಲಕ್ಕೋ, ಮೇಜಿನ ಮೇಲೆ ಏನಿರಬೇಕು, ಸೀರಿಯಸ್ಸಾದ ಆಸ್ಪತ್ರೆಯೋ ಕಾರ್ಟೂನಿನ ಆಸ್ಪತ್ರೆಯೋ ಎಂದು ಅವರೇ ಹೇಳಬೇಕು. ರಾತ್ರೋರಾತ್ರಿ ನಕ್ಷೆ ತಯಾರಾಗಿ ಬ್ರೂಕ್ಲಿನ್‌ನ ಕಾರ್ಖಾನೆಗೆ ಹೋಗುತ್ತದೆ. ಸ್ಟುಡಿಯೋ ಇರುವುದು ಎಂಟನೇ ಮಹಡಿಯಲ್ಲಿ. ಹಾಗಾಗಿ ಪ್ರತಿ ಗೋಡೆಯೂ ಲಿಫ್ಟಿನಲ್ಲಿ ಹಿಡಿಸುವಷ್ಟು ತುಂಡುಗಳಾಗಿ ಬಂದು ಮೇಲೆ ಜೋಡಣೆಯಾಗಬೇಕು. 8ಎಚ್ ಮೂಲತಃ ರೇಡಿಯೋ ಸ್ಟುಡಿಯೋ. 1937ರಿಂದ ಆರ್ಕೆಸ್ಟ್ರಾ ನಿರ್ದೇಶಕ ತೊಸ್ಕನೀನಿ ಅಲ್ಲಿ ಎನ್‌ಬಿಸಿ ಸಿಂಫನಿ ನಡೆಸುತ್ತಿದ್ದರು. ಸೆಟ್ಟುಗಳ ಓಡಾಟಕ್ಕೆಂದು ಕಟ್ಟಿದ ಜಾಗ ಅಲ್ಲ. ಆಡುತ್ತಿರುವ ಸೆಟ್ಟಿನ ಪಕ್ಕದಲ್ಲೇ ಮುಂದಿನದನ್ನು ಸದ್ದಿಲ್ಲದೆ ಕಟ್ಟುತ್ತಿರುತ್ತಾರೆ, ಉಳಿದವು ಹೊರಗಿನ ಓಣಿಯಲ್ಲಿ ಸಾಲುಗಟ್ಟಿ ನಿಂತಿರುತ್ತವೆ.

ವಿಗ್ಗಿನ ಕೆಲಸವನ್ನು ಹತ್ತಿರದಿಂದ ಗಮನಿಸಿ. ನಟರ ಸ್ವಂತ ಕೂದಲನ್ನು ಒತ್ತಿ ಕಟ್ಟಿ, ಅದರ ಮೇಲೊಂದು ತೆಳು ಟೋಪಿ ಹಾಕಿರುತ್ತಾರೆ. ಜಾಹೀರಾತಿನ ಒಂದೆರಡು ನಿಮಿಷದಲ್ಲಿ ಹಳೆ ವಿಗ್ ತೆಗೆದು ಹೊಸದನ್ನು ಕೂರಿಸಬೇಕು, ಅದೇ ಹೊತ್ತಿಗೆ ಇನ್ನೊಬ್ಬರು ಶರ್ಟ್ ಎಳೆಯುತ್ತಿರುತ್ತಾರೆ, ಮತ್ತೊಬ್ಬರು ಮೀಸೆ ಅಂಟಿಸುತ್ತಿರುತ್ತಾರೆ. ಅಂಟು ಪೂರ್ತಿ ಒಣಗುವಷ್ಟು ಸಮಯ ಇರುವುದಿಲ್ಲ. ಮೇಲ್ದುಟಿ ಬೆವರಿದರೆ ಮೀಸೆ ಒಂದು ಕಡೆ ಏಳುವುದು ಅದಕ್ಕೇ.

8 ಗಂಟೆಗೆ ಒಂದು ಸಲ ಆಡಿ, 11:30ಕ್ಕೆ ಮತ್ತೆ ಅದನ್ನೇ ಆಡೋದು ಯಾಕೆ?

"ಅದನ್ನೇ" ಆಡುವುದಿಲ್ಲ. ನಮ್ಮ ಪ್ರಕಾರ ಸಂಚಿಕೆ ನಿಜವಾಗಿ ಹುಟ್ಟುವುದು ಈ ಎರಡರ ನಡುವಿನ ಗಂಟೆ ಒಂದೂವರೆ ಗಂಟೆಯಲ್ಲಿ.

ಡ್ರೆಸ್ ರಿಹರ್ಸಲ್‌ಗೆ ಬೇರೆಯದೇ ಪ್ರೇಕ್ಷಕರು. ಬೇಕೆಂದೇ ಹೆಚ್ಚು ಸ್ಕಿಟ್ಟುಗಳನ್ನು ಇಟ್ಟಿರುತ್ತಾರೆ. ಅದು ಸುಮಾರು ಎರಡು ಗಂಟೆ ಓಡುತ್ತದೆ. ಮೈಕಲ್ಸ್ ಕೆಳಗೆ ಕೂತು ಮಾನಿಟರ್ ನೋಡುತ್ತ ಟಿಪ್ಪಣಿ ಹೇಳುತ್ತಿರುತ್ತಾರೆ. ಹತ್ತರ ಸುಮಾರಿಗೆ ಒಂಬತ್ತನೇ ಮಹಡಿಯ ಕೋಣೆಯಲ್ಲಿ ಸಭೆ. ಗೋಡೆಯ ಹಲಗೆಯ ಮೇಲೆ ಪ್ರತಿ ಸ್ಕಿಟ್ಟಿಗೂ ಒಂದು ಚೀಟಿ ಚುಚ್ಚಿರುತ್ತದೆ. ಕೆಲವು ಚೀಟಿ ಕಿತ್ತು ಪಕ್ಕಕ್ಕೆ ಹೋಗುತ್ತವೆ, ಕೆಲವು ಮೇಲೆ ಕೆಳಗೆ ಆಗುತ್ತವೆ. ವಾರವಿಡೀ ದುಡಿದ ನಟನಿಗೆ ತನ್ನ ಪಾತ್ರ ಹೋಯಿತೆಂದು ಗೊತ್ತಾಗುವುದು ಆ ಹಲಗೆ ನೋಡಿದಾಗಲೇ. ಉಳಿದ ಸ್ಕಿಟ್ಟುಗಳಿಗೂ ಕತ್ತರಿ ಬೀಳುತ್ತದೆ: ಎರಡು ಪುಟ ಕಮ್ಮಿ ಮಾಡಿ, ನಗು ಬಾರದ ಜೋಕು ತೆಗೆಯಿರಿ, ಕೊನೆ ಬದಲಿಸಿ ಎಂದು. ಆ ಬದಲಾವಣೆ ಬರಹಗಾರರಿಂದ, ನಟರು ನೋಡಿ ಓದುವ ಕಾರ್ಡ್ ಬರೆಯುವವರಿಗೆ, ನಿರ್ದೇಶಕರಿಗೆ, ಬೆಳಕಿನವರಿಗೆ, ಉಡುಪಿನವರಿಗೆ ತಲುಪಬೇಕು. ಒಂದು ಕಡೆ ತಲುಪದಿದ್ದರೂ ಪ್ರಸಾರದಲ್ಲಿ ಕಾಣುತ್ತದೆ: ನಟ ಮಾತು ಮುಗಿಸಿ ನಿಂತಿರುತ್ತಾನೆ, ತೆಗೆದುಹಾಕಿದ ಸಾಲಿಗಾಗಿ ಕ್ಯಾಮೆರಾ ಕಾಯುತ್ತಿರುತ್ತದೆ. ಕಾರ್ಯಕ್ರಮ ಸಿದ್ಧವಾಗಿದೆ ಎಂದು ಶುರುವಾಗುವುದಲ್ಲ, 11:30 ಆಯಿತು ಎಂದು ಶುರುವಾಗುವುದು ಎಂದು ಮೈಕಲ್ಸ್ ಹೇಳುತ್ತ ಬಂದಿರುವುದು ಇದನ್ನೇ.

ಕೈಬಿಟ್ಟ ಕೆಲವು ಸ್ಕಿಟ್ಟುಗಳ ಡ್ರೆಸ್ ರಿಹರ್ಸಲ್ ದೃಶ್ಯ 'ಕಟ್ ಫಾರ್ ಟೈಮ್' ಹೆಸರಿನಲ್ಲಿ ಯೂಟ್ಯೂಬಿಗೆ ಬರುತ್ತದೆ. ಅವನ್ನು ನೋಡಿದರೆ ಯಾಕೆ ಬಿಟ್ಟರೆಂದು ಊಹಿಸುವುದೇ ಒಳ್ಳೆಯ ಅಭ್ಯಾಸ.

### ನೇರಪ್ರಸಾರದ ಹೊತ್ತಿನಲ್ಲಿ

ನಟರು ಎದುರಿಗಿದ್ದವರನ್ನು ಬಿಟ್ಟು ಎಲ್ಲೋ ಪಕ್ಕಕ್ಕೆ ನೋಡ್ತಾರಲ್ಲ, ಮಾತು ಬಾಯಿಪಾಠ ಮಾಡಿರಲ್ವಾ?

ಮಾಡುವುದಿಲ್ಲ, ಮಾಡಬಾರದು ಕೂಡ. 8 ಗಂಟೆಯ ಮಾತು ಬಾಯಿಗೆ ಬಂದುಬಿಟ್ಟಿದ್ದರೆ 11:30ಕ್ಕೆ ತಿದ್ದಿದ ಮಾತಿನ ಬದಲು ಹಳೆಯದೇ ಹೊರಗೆ ಬೀಳುತ್ತದೆ. ಕ್ಯಾಮೆರಾ ಪಕ್ಕದಲ್ಲಿ ಒಬ್ಬರು ದೊಡ್ಡ ಕಾರ್ಡುಗಳನ್ನು ಹಿಡಿದಿರುತ್ತಾರೆ. ನಟರು ಅದನ್ನು ಓದುತ್ತಾರೆ. ನಮ್ಮ ಕಂಪನಿ ನಾಟಕದಲ್ಲಿ ಸೈಡ್‌ವಿಂಗಿನಲ್ಲಿ ನಿಂತ ಪ್ರಾಂಪ್ಟರ್ ಪಿಸುಗುಟ್ಟುತ್ತಿದ್ದ ಕೆಲಸವನ್ನೇ ಇಲ್ಲಿ ಕಾರ್ಡು ಮಾಡುತ್ತದೆ.

ಎಲ್ಲವೂ ಕೈಬರಹ. ಒಬ್ಬೊಬ್ಬ ಪಾತ್ರಧಾರಿಗೆ ಒಂದೊಂದು ಬಣ್ಣದ ಶಾಯಿ, ತನ್ನ ಸಾಲು ಯಾವುದೆಂದು ಕಣ್ಣಿಗೆ ತಕ್ಷಣ ಸಿಗಲೆಂದು. ಸಾಲು ಬದಲಾದರೆ ಹಳೆಯದರ ಮೇಲೆ ಬಿಳಿ ಟೇಪ್ ಅಂಟಿಸಿ ಹೊಸದನ್ನು ಬರೆಯುತ್ತಾರೆ. ಇಷ್ಟು ವರ್ಷವಾದರೂ ಸ್ಕಿಟ್ಟುಗಳಿಗೆ ಟೆಲಿಪ್ರಾಂಪ್ಟರ್ ಬಂದಿಲ್ಲ. ಕಾರಣ ಸರಳ: ಪರದೆ ಕೈಕೊಟ್ಟರೆ ಎಲ್ಲವೂ ನಿಲ್ಲುತ್ತದೆ, ಕಾರ್ಡ್ ಕೈಕೊಡುವುದಿಲ್ಲ. ನಟ ಎರಡು ಹೆಜ್ಜೆ ಆಚೆ ಸರಿದರೆ ಕಾರ್ಡ್ ಹಿಡಿದವರೂ ಸರಿಯಬಹುದು. ಕಾರ್ಡ್ ಓದಿಯೂ ಎದುರಿನವರೊಂದಿಗೆ ಮಾತಾಡುತ್ತಿರುವಂತೆ ಕಾಣುವುದು ದೊಡ್ಡ ವಿದ್ಯೆ. ಹೊಸ ಹೋಸ್ಟ್‌ಗಳ ಕಣ್ಣು ಸಿಕ್ಕಿಬೀಳುವುದು ಅಲ್ಲೇ.

ಒಳ್ಳೆ ನಟರಲ್ವಾ, ಅಲ್ಲೇ ಏನಾದ್ರೂ ಹೊಸ ಮಾತು ಸೇರಿಸಬಹುದಲ್ಲ?

ಸೇರಿಸುವುದನ್ನು ಅಲ್ಲಿ ಮೆಚ್ಚುವುದಿಲ್ಲ. ನಿರ್ದೇಶಕರು ಸ್ಕ್ರಿಪ್ಟಿನ ಸಾಲುಗಳ ಮೇಲೆಯೇ ಕ್ಯಾಮೆರಾ ಬದಲಿಸುತ್ತಾರೆ. ಈ ಪದ ಮುಗಿದ ಕೂಡಲೇ ಎರಡನೇ ಕ್ಯಾಮೆರಾ, ಆ ಪದಕ್ಕೆ ಬಾಗಿಲು ತೆರೆಯುವುದು, ಹೀಗೆ. ನಟ ತನ್ನದೇ ವಾಕ್ಯ ಹಾಕಿದರೆ ಕ್ಯಾಮೆರಾ ಬೇರೆಯವರ ಮುಖದ ಮೇಲೆ ಇರುತ್ತದೆ, ಜೋಕು ಯಾರಿಗೂ ಕಾಣುವುದಿಲ್ಲ. ಜತೆಗೆ ಇಪ್ಪತ್ತು ಸೆಕೆಂಡು ಹೆಚ್ಚಾದರೂ ಅದು ಕೊನೆಯ ಸ್ಕಿಟ್ಟಿನ ಪಾಲಿನಿಂದ ಹೋಗುತ್ತದೆ.

ಮಧ್ಯದಲ್ಲಿ ನಟರೇ ನಕ್ಕುಬಿಡ್ತಾರಲ್ಲ, ಅದು ಬೇಕೂಂತ ಮಾಡೋದಾ?

ಹೆಚ್ಚಿನ ಸಲ ಅಲ್ಲ. 2004ರ ಮೇ 1ರಂದು, ಲಿಂಡ್ಸೆ ಲೋಹನ್ ಹೋಸ್ಟ್ ಆಗಿದ್ದ ಸಂಚಿಕೆಯ 'ಡೆಬ್ಬೀ ಡೌನರ್' ನೋಡಿ. ರೇಚಲ್ ಡ್ರ್ಯಾಚ್ ಪ್ರತಿ ಸಂತೋಷದ ಮಾತಿಗೂ ಒಂದು ದುಃಖದ ಸುದ್ದಿ ಹೇಳಬೇಕು, ಆಮೇಲೆ ಕ್ಯಾಮೆರಾ ಅವರ ಸಪ್ಪೆ ಮುಖದ ಹತ್ತಿರಕ್ಕೆ ಹೋಗಬೇಕು. ಅವರಿಗೇ ನಗು ತಡೆಯಲಾಗಲಿಲ್ಲ, ಮೇಜಿನ ಸುತ್ತ ಕೂತವರೆಲ್ಲ ಸೋತರು. ಬಿಲ್ ಹೇಡರ್ ಅವರ 'ಸ್ಟೆಫಾನ್' ಪಾತ್ರದಲ್ಲಿ ಕಾರಣ ಬೇರೆ: ಜತೆಯಲ್ಲಿ ಬರೆಯುತ್ತಿದ್ದ ಜಾನ್ ಮುಲೇನಿ ಡ್ರೆಸ್ ರಿಹರ್ಸಲ್ ಆದ ಮೇಲೆ ಕೆಲವು ಜೋಕು ಬದಲಿಸುತ್ತಿದ್ದರು, ಹೇಡರ್ ಅವನ್ನು ಮೊದಲ ಬಾರಿ ನೋಡುತ್ತಿದ್ದುದು ಕಾರ್ಡಿನ ಮೇಲೆ, ನೇರಪ್ರಸಾರದಲ್ಲಿ. ಅಪರೂಪಕ್ಕೆ ಇದು ಸೊಗಸು. ಚಟವಾದರೆ ಪಾತ್ರ ಸಾಯುತ್ತದೆ, ಬರೆದವರ ಶ್ರಮ ಹಾಳು.

ಕೆಟ್ಟ ಮಾತು ಬಾಯಿ ತಪ್ಪಿ ಬಂದ್ರೆ ತಡೆಯೋಕೆ ಏನೂ ಇಲ್ವಾ?

1975ರ ಡಿಸೆಂಬರ್ 13ರಂದು ರಿಚರ್ಡ್ ಪ್ರಯರ್ ಹೋಸ್ಟ್ ಆದಾಗ ವಾಹಿನಿಯವರು ಹೆದರಿ, ಪ್ರಸಾರವನ್ನು ಕೆಲವು ಸೆಕೆಂಡು ತಡಮಾಡುವ ವ್ಯವಸ್ಥೆ ಇಟ್ಟಿದ್ದರು. 1981ರ ಫೆಬ್ರುವರಿ 21ರ ಸಂಚಿಕೆಯಲ್ಲಿ ನಟ ಚಾರ್ಲ್ಸ್ ರಾಕೆಟ್ ಬಾಯಿಂದ ನಿಷಿದ್ಧ ಪದ ನೇರವಾಗಿ ಹೊರಬಿತ್ತು. ಕೆಲವೇ ವಾರಗಳಲ್ಲಿ ಅವರ ಕೆಲಸ ಹೋಯಿತು. ಮರುಪ್ರಸಾರದಲ್ಲಿ ಇಂಥ ಕಡೆ ಡ್ರೆಸ್ ರಿಹರ್ಸಲ್ಲಿನ ದೃಶ್ಯ ಹಾಕಿ ಸರಿಪಡಿಸುವುದುಂಟು. ನೇರವಾಗಿ ನೋಡಿದವರಿಗೆ ಕಂಡದ್ದು ಕಂಡದ್ದೇ.

ಸಂಗೀತದ ಭಾಗದಲ್ಲಿ ದೊಡ್ಡ ಎಡವಟ್ಟು ಆಗಿದ್ದು ಯಾವಾಗ?

ಎರಡು ಸಂಗತಿ ಬೇರೆ ಬೇರೆ ಬಗೆಯವು. 2004ರ ಅಕ್ಟೋಬರ್ 23ರಂದು ಆ್ಯಶ್ಲೀ ಸಿಂಪ್ಸನ್ ಎರಡನೇ ಹಾಡಿಗೆ ನಿಂತಾಗ ಮೊದಲೇ ಹಾಡಿ ಮುಗಿಸಿದ್ದ ಹಾಡಿನ ಧ್ವನಿಮುದ್ರಣ ಓಡಿತು. ಮೈಕ್ ಕೆಳಗಿದ್ದರೂ ಅವರ ದನಿ ಕೇಳಿಸಿತು, ಅವರು ವೇದಿಕೆ ಬಿಟ್ಟು ಹೋದರು. ಅದು ತಾಂತ್ರಿಕ ತಪ್ಪು. 1992ರ ಅಕ್ಟೋಬರ್ 3ರಂದು ಶಿನೇಡ್ ಓಕಾನರ್ ಮಾಡಿದ್ದು ತಪ್ಪಲ್ಲ, ನಿರ್ಧಾರ. ರಿಹರ್ಸಲ್ಲಿನಲ್ಲಿ ಮಗುವೊಂದರ ಫೋಟೋ ಹಿಡಿದಿದ್ದವರು ಪ್ರಸಾರದಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರ ಫೋಟೋ ಹಿಡಿದು ಹರಿದರು. ಚರ್ಚಿನೊಳಗೆ ಮಕ್ಕಳ ಮೇಲೆ ನಡೆಯುತ್ತಿದ್ದ ದೌರ್ಜನ್ಯದ ವಿರುದ್ಧದ ಪ್ರತಿಭಟನೆ ಅದು. ಸ್ಟುಡಿಯೋದಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ.

### ಇನ್ನೂ ಒಳಗೆ ಇಳಿಯುವವರಿಗೆ

ಯಾವ ಸ್ಕಿಟ್ಟು ಮೊದಲು, ಯಾವುದು ಕೊನೆಗೆ ಅನ್ನೋದು ಗುಣದ ಮೇಲೆ ನಿರ್ಧಾರವೋ?

ಅರ್ಧ ಗುಣ, ಅರ್ಧ ನೆಲದ ಲೆಕ್ಕ. ಹೆಚ್ಚು ಜನರಿಗೆ ಹಿಡಿಸುವಂಥದ್ದು ಸ್ವಗತದ ನಂತರ ಬರುತ್ತದೆ. ಆದರೆ ಒಂದೇ ಮೂಲೆಯಲ್ಲಿ ನಿಲ್ಲಬೇಕಾದ ಎರಡು ಸೆಟ್ಟು ಬೆನ್ನುಬೆನ್ನಿಗೆ ಬರುವಂತಿಲ್ಲ. ಮುಖಕ್ಕೆ ಅಂಟಿಸಿದ ಮೇಕಪ್ ಇರುವ ಹೋಸ್ಟ್‌ಗೆ ಮುಂದಿನ ಸ್ಕಿಟ್ಟಿನಲ್ಲಿ ಕೆಲಸ ಕೊಡುವಂತಿಲ್ಲ. ಅಪ್‌ಡೇಟ್ ಮತ್ತು ಹಾಡುಗಳು ಈ ಬಿಕ್ಕಟ್ಟಿಗೆ ಬಿಡುಗಡೆ ಕೊಡುತ್ತವೆ: ನಿರೂಪಕರು ಮೇಜಿನ ಹಿಂದೆ ಕೂತಿರುತ್ತಾರೆ, ಉಳಿದ ನೆಲವೆಲ್ಲ ಕೆಲಸಗಾರರದ್ದು. ಕೊನೆಯದು 12:50ರ ಹೊತ್ತಿನ ಜಾಗ. ಅಲ್ಲಿಗೆ ವಿಲಕ್ಷಣವಾದದ್ದೇ ಬರುತ್ತದೆ, ಸಮಯ ಮೀರಿದರೆ ಮೊದಲು ಬಲಿಯಾಗುವುದೂ ಅದೇ. ನಮಗೆ ಪ್ರಿಯವಾದ ಎಷ್ಟೋ ಸ್ಕಿಟ್ಟುಗಳು ಆ ಜಾಗದವು.

ಮೊದಲೇ ಶೂಟ್ ಮಾಡಿದ ವಿಡಿಯೋ ಹಾಕಿದ್ರೆ 'ಲೈವ್' ಅನ್ನೋದು ಮೋಸ ಅಲ್ವಾ?

ಅಲ್ಲ. ಮೊದಲ ಸಂಚಿಕೆಯಲ್ಲೂ ಚಿತ್ರ ಇತ್ತು. 2005ರಲ್ಲಿ ಆ್ಯಂಡಿ ಸ್ಯಾಂಬರ್ಗ್ ಮತ್ತು ಗೆಳೆಯರ 'ಡಿಜಿಟಲ್ ಶಾರ್ಟ್'ಗಳು ಅಂತರ್ಜಾಲದಲ್ಲಿ ಹಬ್ಬಿದ ಮೇಲೆ ಅದರ ಪಾಲು ಹೆಚ್ಚಿತು. ಮೂರು ನಿಮಿಷದ ಚಿತ್ರ ಓಡುವಾಗ ಕೆಳಗೆ ಎರಡು ಸೆಟ್ಟು ಬದಲಾಗುತ್ತವೆ. ಚಿತ್ರವೂ ಆರಾಮದ್ದಲ್ಲ: ಶುಕ್ರವಾರ ಚಿತ್ರೀಕರಣ, ರಾತ್ರಿಯೆಲ್ಲ ಎಡಿಟಿಂಗ್, ಶನಿವಾರ ಸಂಜೆಯೂ ಬಣ್ಣ, ಶಬ್ದ ಸರಿಮಾಡುತ್ತಲೇ ಇರುತ್ತಾರೆ.

ಸ್ಟುಡಿಯೋನೇ ಇಲ್ಲದೆ ಸಂಚಿಕೆ ನಡೆದಿದ್ದುಂಟಾ?

ಕೋವಿಡ್ ಕಾಲದಲ್ಲಿ. 2020ರ ಏಪ್ರಿಲ್ 11ರಂದು ಟಾಮ್ ಹ್ಯಾಂಕ್ಸ್ ಹೋಸ್ಟ್ ಆಗಿ, ಎಲ್ಲರೂ ತಮ್ಮ ತಮ್ಮ ಮನೆಯಿಂದ ಚಿತ್ರೀಕರಿಸಿ ಕಳಿಸಿದರು. ಅಂಥವು ಮೂರು ಬಂದವು. ಪ್ರೇಕ್ಷಕರ ನಗು ಇಲ್ಲದಾಗ ಜೋಕಿನ ನಂತರ ಎಷ್ಟು ನಿಲ್ಲಬೇಕೆಂದೇ ತಿಳಿಯದಂತಾಗಿದ್ದು ಅವುಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅಕ್ಟೋಬರ್ 3ಕ್ಕೆ ಕ್ರಿಸ್ ರಾಕ್ ಅವರೊಂದಿಗೆ 8ಎಚ್‌ಗೆ ಮರಳಿದರು.

ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಸ್ಕಿಟ್ ಮಾಡ್ತಿದ್ದೀವಿ. ಎಲ್ಲರಿಗೂ ಆಫೀಸು, ಬಾಯಿಪಾಠಕ್ಕೆ ಟೈಮಿಲ್ಲ. ಈ ಕಾರ್ಡಿನ ವಿಧಾನ ನಮಗೂ ಆಗುತ್ತಾ?

ಖಂಡಿತ ಆಗುತ್ತದೆ, ಕನ್ನಡ ಲಿಪಿಗೆ ತಕ್ಕಂತೆ ಮಾಡಿಕೊಳ್ಳಬೇಕು. 22×28 ಇಂಚಿನ ಪೋಸ್ಟರ್ ಬೋರ್ಡ್ ತನ್ನಿ, ಅಡ್ಡಕ್ಕೆ ಹಿಡಿಯಿರಿ. ಹೊಳಪಿಲ್ಲದ ಬದಿಯಲ್ಲೇ ಬರೆಯಿರಿ. ಹೊಳೆಯುವ ಬದಿ ವೇದಿಕೆಯ ಬೆಳಕಿಗೆ ಕನ್ನಡಿಯಾಗುತ್ತದೆ. ಅಗಲ ತುದಿಯ ಮಾರ್ಕರ್ ಇರಲಿ. ಕಪ್ಪು, ನೀಲಿ, ಕೆಂಪು, ಹಸಿರು ಓದಲು ಬರುತ್ತವೆ, ಹಳದಿ ಮತ್ತು ಕಿತ್ತಳೆ ಮಾಯವಾಗುತ್ತವೆ. ನಾಲ್ಕೈದು ಮೀಟರ್ ದೂರದಿಂದ ಓದಲು ಅಕ್ಷರ 5 ಸೆಂಟಿಮೀಟರ್ ಎತ್ತರ ಇರಬೇಕು. ಸಾಲುಗಳ ನಡುವೆ ಅಷ್ಟೇ ಖಾಲಿ ಜಾಗ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಣಿತಕ್ಕೆ ತಗುಲಿ ಎರಡೂ ಕಲಸಿಹೋಗುತ್ತವೆ. ಹೀಗೆ ಬರೆದರೆ ಒಂದು ಬೋರ್ಡಿಗೆ ಐದು ಸಾಲು, ಸಾಲಿಗೆ ಎರಡು ಮೂರು ಪದ. ಐದು ನಿಮಿಷದ ಸ್ಕಿಟ್ಟಿಗೆ 35ರಿಂದ 40 ಬೋರ್ಡು ಬೇಕು. ಹೆಚ್ಚಾಯಿತು ಅನ್ನಿಸಿದರೆ ಸ್ಕಿಟ್ಟೇ ಉದ್ದವಾಗಿದೆ ಎಂದರ್ಥ. ಸಂಘದ ಕಾರ್ಯಕ್ರಮಗಳ ಇಪ್ಪತ್ತು ನಿಮಿಷದ ಸ್ಕಿಟ್ಟುಗಳಲ್ಲಿ ಐದು ನಿಮಿಷದ ಒಳ್ಳೆಯ ಸ್ಕಿಟ್ಟೊಂದು ಅವಿತಿರುತ್ತದೆ.

ಕಾರ್ಡ್ ಹಿಡಿಯುವವರು ಪ್ರೇಕ್ಷಕರ ಮೊದಲ ಸಾಲಿನ ಮುಂದೆ, ವೇದಿಕೆಯ ಮಧ್ಯಕ್ಕೆ ನೇರವಾಗಿ, ನೆಲದ ಮೇಲೆ ಕೂರಲಿ. ಕೊನೆಯ ಸಾಲು ಮುಗಿಯುವವರೆಗೆ ಕಾಯಬಾರದು. ನಟ ಅದನ್ನು ಹೇಳಲು ಶುರುಮಾಡಿದಾಗಲೇ ಬೋರ್ಡನ್ನು ಪಕ್ಕಕ್ಕೆ ಎಳೆದು ಮುಂದಿನದನ್ನು ತೋರಿಸಬೇಕು. ಇದಕ್ಕೆ ಒಬ್ಬರನ್ನು ಮೊದಲ ದಿನದಿಂದಲೇ ನೇಮಿಸಿ, ಪ್ರತಿ ತಾಲೀಮಿಗೂ ಅವರೇ ಬರಲಿ. ಬೋರ್ಡಿನ ಹಿಂದೆ ಬಲಮೂಲೆಯಲ್ಲಿ ದೊಡ್ಡದಾಗಿ ಸಂಖ್ಯೆ ಬರೆಯಿರಿ, ಕೈಜಾರಿ ಬಿದ್ದರೆ ಜೋಡಿಸಿಕೊಳ್ಳಲು. ಕನ್ನಡ ಓದಲು ಬಾರದ ಮಕ್ಕಳು ಪಾತ್ರ ಮಾಡುತ್ತಿದ್ದರೆ ಅವರ ಸಾಲುಗಳನ್ನಷ್ಟೇ ಅವರು ಓದಬಲ್ಲ ಲಿಪಿಯಲ್ಲಿ, ಅವರದೇ ಬಣ್ಣದಲ್ಲಿ ಹಾಕಿ.

ಕಾರ್ಯಕ್ರಮಕ್ಕೆ ಎರಡು ದಿನ ಮೊದಲು, ಸ್ಕಿಟ್ಟಿನ ಬಗ್ಗೆ ಏನೂ ಗೊತ್ತಿಲ್ಲದ ಹತ್ತು ಹದಿನೈದು ಜನರನ್ನು ಯಾರದಾದರೂ ಮನೆಗೆ ಕರೆದು ಪೂರ್ತಿ ಆಡಿ ತೋರಿಸಿ. ಬರೆದವರು ಆಡಬಾರದು, ಸ್ಕ್ರಿಪ್ಟ್ ಹಿಡಿದು ಪ್ರೇಕ್ಷಕರ ಪಕ್ಕ ಕೂರಬೇಕು. ನಗು ಬಂದ ಸಾಲಿಗೆ ಗುರುತು ಹಾಕಿ. ನಗು ಬಾರದ ಸಾಲು ಕಥೆಗೆ ಅಗತ್ಯವೇ ಎಂದು ಕೇಳಿಕೊಳ್ಳಿ, ಅಲ್ಲದಿದ್ದರೆ ಬಿಳಿ ಟೇಪ್ ಹಾಕಿ. ಟೇಪ್ ಅಗಲ ಅಕ್ಷರದ ಎತ್ತರಕ್ಕಿಂತ ಸ್ವಲ್ಪ ಹೆಚ್ಚಿರಲಿ, ಹಳೆಯ ಒತ್ತಕ್ಷರದ ಬಾಲ ಕೆಳಗೆ ಇಣುಕಬಾರದು.